ಆತಂಕಕ್ಕೂ ಒಂದು ಅಳತೆ

(ಕೊಕ್ಕರ್ಣೆಯ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಎಡೆಬಿಡದೆ ಮಳೆ ಹಿಡಿದಾಗ ಅಡಿಕೆ ಬೆಳೆಗಾರನಿಗೆ ಕೊಳೆರೋಗದ ಭಯ ಸಹಜ. ಮಳೆ ಹೊಳವಾದೊಡನೆ ಬೋರ್ಡೋ ದ್ರಾವಣ ಸಿಂಪಡಿಸಲು ಅವನನ್ನು ಎಬ್ಬಿಸುವುದೂ ಆ ಭಯವೇ. ಇಂಥ ತಲೆಬಿಸಿ ಕಾಯಿಲೆಯಲ್ಲ. ಆದರೆ ಕೊಯ್ಲಾಗಿ ಅಡಿಕೆ ಅಂಗಳಕ್ಕೆ ಬಂದ ಮೇಲೂ ನಿದ್ರೆ ಬಾರದಿದ್ದರೆ, ಎದೆ ಡವಗುಟ್ಟುತ್ತಿದ್ದರೆ, ಏನೋ ಕೇಡು ಕಾದಿದೆ ಎಂಬ ಅಳುಕು ಬಿಡದಿದ್ದರೆ ಪರೀಕ್ಷೆ ಮಾಡಿಸಬೇಕು.

ಮಣ್ಣಿನ ರಸಸಾರ ಅಳೆಯಲು ಉಪಕರಣವಿದೆ. ಆತಂಕವನ್ನು ಅಳೆಯುವುದು ಪ್ರಶ್ನೆಗಳಿಂದ. 2006ರಲ್ಲಿ ಪ್ರಕಟವಾದ ಜಿಎಡಿ-7 ಎಂಬ ಪ್ರಶ್ನಾವಳಿಯಲ್ಲಿ ಕಳೆದ ಎರಡು ವಾರಗಳ ಬಗ್ಗೆ 7 ಪ್ರಶ್ನೆಗಳಿವೆ: ಚಿಂತೆ ತಡೆಯಲಾಗುತ್ತಿಲ್ಲವೇ, ಮೈಮನಸ್ಸಿಗೆ ವಿಶ್ರಾಂತಿ ಸಿಗುತ್ತಿಲ್ಲವೇ, ಬೇಗ ಸಿಡುಕು ಬರುತ್ತದೆಯೇ, ಹೀಗೆ. ತೊಂದರೆ ಇಲ್ಲದಿದ್ದರೆ 0, ಹೆಚ್ಚುಕಡಿಮೆ ದಿನವೂ ಇದ್ದರೆ 3 ಅಂಕ. ಒಟ್ಟು 21. 5 ಮುಟ್ಟಿದರೆ ಸೌಮ್ಯ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ. 10 ಅಥವಾ ಹೆಚ್ಚು ಬಂದವರು ವೈದ್ಯರನ್ನು ಕಾಣಬೇಕು. ಅಂಕವು ಸೂಚನೆ ಮಾತ್ರ, ರೋಗನಿರ್ಣಯವಲ್ಲ. ಹೃದಯ ಅಥವಾ ಥೈರಾಯಿಡ್ ತೊಂದರೆಯಿಂದಲೂ ಎದೆ ಡವಗುಟ್ಟಬಹುದು.

ಇದು ಎಷ್ಟು ಜನರಲ್ಲಿದೆ? ಪ್ರಯೋಗಾಲಯಕ್ಕೆ ಬಂದ ಎಲೆಗಳನ್ನಷ್ಟೇ ಎಣಿಸಿದರೆ ಊರಿನ ಕೀಟಬಾಧೆ ತಿಳಿಯದು, ಗದ್ದೆ ಗದ್ದೆಗೆ ಹೋಗಬೇಕು. ಆಸ್ಪತ್ರೆಯ ಲೆಕ್ಕವೂ ಹಾಗೆಯೇ. ಈ ದಾರಿ ತೋರಿಸಿದ ಒಂದು ಊರು ದೂರವೇನಲ್ಲ. ಕೊಕ್ಕರ್ಣೆಯಂತೆ ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೇ ಹೋಗಿ ಜನರನ್ನು ಮಾತನಾಡಿಸಿದರು. ಆ ಅಧ್ಯಯನ 1976ರಲ್ಲಿ ಪುಸ್ತಕವಾಯಿತು.

ಮುಂದೆ 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಆತಂಕ ಮತ್ತು ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆಗಳು ಶೇಕಡಾ 3.5ರಷ್ಟು ಕಂಡುಬಂದವು. ಅಂದರೆ ಸಾವಿರ ವಯಸ್ಕರಲ್ಲಿ ಸುಮಾರು 35 ಮಂದಿ. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ನೆರೆಯ ಕೇರಳ ಇತ್ತು. ಆದ್ದರಿಂದ ಈ ಅಂಕಿಯನ್ನು ನಮ್ಮ ಜಿಲ್ಲೆಗೆ ಅಂದಾಜಾಗಿ ಮಾತ್ರ ತೆಗೆದುಕೊಳ್ಳಬೇಕು. ಅದಕ್ಕಿಂತ ಯೋಚಿಸಬೇಕಾದ ಅಂಕಿ ಇನ್ನೊಂದಿದೆ. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳವರಲ್ಲಿ ಶೇಕಡಾ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕೊಳೆ ಬಂದ ಗೊನೆಯನ್ನು ಯಾರೂ ನಾಚಿಕೆಯಿಂದ ಮುಚ್ಚಿಡುವುದಿಲ್ಲ. ಆತಂಕವನ್ನು ಮಾತ್ರ ಮುಚ್ಚಿಡುತ್ತಾರೆ, ಕೆಲವರು ಕುಡಿತದಲ್ಲಿ ಮರೆಯಲು ನೋಡುತ್ತಾರೆ. ಇದರಿಂದ ಕಾಯಿಲೆ ಬಲಿಯುತ್ತದೆ. ಆಪ್ತಸಮಾಲೋಚನೆಯಿಂದ, ಅಗತ್ಯವಿದ್ದರೆ ವೈದ್ಯರು ಕೊಡುವ ಔಷಧಿಯಿಂದ, ಆತಂಕ ಹತೋಟಿಗೆ ಬರುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ವಿಸ್ತರಣಾ ಕಾರ್ಯಕರ್ತರು ತೋಟಕ್ಕೆ ಹೋದಾಗ ಬೆಳೆಯ ಜೊತೆಗೆ ಬೆಳೆಗಾರನ ನಿದ್ರೆಯನ್ನೂ ವಿಚಾರಿಸುವುದು ಒಳ್ಳೆಯದು.