ಒಡೆಯರ ಕಾಗದಗಳ ನಡುವೆ



ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲಂಚಿನಲ್ಲಿ, ಸವಾನಾ ನಗರಕ್ಕೆ ತೆಂಕಲಾಗಿ, ಲಿಬರ್ಟಿ ಕೌಂಟಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಪಾದ್ರಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸರಿಗೆ ಮಾಂಟೆವಿಡಿಯೊ, ಆರ್ಕೇಡಿಯಾ, ಮೇಬ್ಯಾಂಕ್ ಎಂಬ ಮೂರು ಎಸ್ಟೇಟುಗಳಿದ್ದವು. ಅವುಗಳಲ್ಲಿ ಭತ್ತ, ಹತ್ತಿ ಬೆಳೆದವರು ನೂರಕ್ಕೂ ಹೆಚ್ಚು ಗುಲಾಮರು. ಬರೆದಿಟ್ಟವರು ಮಾತ್ರ ಒಡೆಯರು. ತಂದೆ, ತಾಯಿ ಮೇರಿ, ಸವಾನಾದಲ್ಲಿ ವಕೀಲನಾಗಿದ್ದ ಹಿರಿಮಗ, ವೈದ್ಯನಾದ ಕಿರಿಮಗ, ಮಗಳು ಎಲ್ಲರೂ ಒಬ್ಬರಿಗೊಬ್ಬರು ಬಿಡದೆ ಪತ್ರ ಬರೆದರು. ಬಂದ ಪತ್ರವನ್ನು ಜೋಪಾನವಾಗಿ ಇಟ್ಟರು. 1854ರಿಂದ 1868ರವರೆಗಿನ ಪತ್ರಗಳನ್ನು ಆಯ್ದು ರಾಬರ್ಟ್ ಮ್ಯಾನ್ಸನ್ ಮೈಯರ್ಸ್ 1972ರಲ್ಲಿ ‘ದಿ ಚಿಲ್ಡ್ರನ್ ಆಫ್ ಪ್ರೈಡ್’ ಎಂಬ ಬೃಹತ್ ಗ್ರಂಥವನ್ನು ಹೊರತಂದರು.

ಓದುತ್ತ ಹೋದರೆ ಈ ಮನೆಯವರ ಮೇಲೆ ಪ್ರೀತಿ ಹುಟ್ಟುತ್ತದೆ. ಅಷ್ಟು ಮಮತೆ, ಅಷ್ಟು ದೈವಭಕ್ತಿ. ನನ್ನನ್ನು ಕಂಗೆಡಿಸುವುದೂ ಅದೇ. ಜೋನ್ಸ್ ಕ್ರೂರಿಯೆಂದು ಹೆಸರಾದವರಲ್ಲ. ಗುಲಾಮರಿಗೆ ಧರ್ಮಬೋಧೆ ಮಾಡುವುದನ್ನೇ ಜೀವನದ ಕಾಯಕವೆಂದುಕೊಂಡು 1842ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಬರೆದರು. ಗುಲಾಮರಿಗೆ ಅಕ್ಷರ ಕಲಿಸುವುದು ಜಾರ್ಜಿಯಾದಲ್ಲಿ ಕಾನೂನುಬಾಹಿರವಾಗಿತ್ತು. ಹಾಗಾಗಿ ಬೋಧೆಯೆಲ್ಲ ಬಾಯಿಪಾಠ.

1856ರಲ್ಲಿ ಜೇನ್ ಎಂಬ ಹುಡುಗಿ ಎಸ್ಟೇಟು ಬಿಟ್ಟು ಸವಾನಾಕ್ಕೆ ಓಡಿಹೋದಳು. ಸಿಕ್ಕಿಬಿದ್ದ ಮೇಲೆ ಅವಳನ್ನಷ್ಟೇ ಅಲ್ಲ, ತಾಯಿ ಫೀಬಿ, ತಂದೆ ಕ್ಯಾಷಿಯಸ್ ಸಮೇತ ಮನೆಮಂದಿಯನ್ನೇ ಮಾರಲು ಜೋನ್ಸ್ ತೀರ್ಮಾನಿಸಿದರು. ಕುಟುಂಬವನ್ನು ಒಡೆಯಬಾರದು, ಗುಲಾಮರ ವ್ಯಾಪಾರಿಯ ಕೈಗೆ ಕೊಡಬಾರದು ಎಂದು ಜೋನ್ಸ್ ತಮ್ಮ ವಕೀಲ ಮಗನಿಗೆ ಬರೆದರು. ಆ ಪತ್ರವ್ಯವಹಾರದಲ್ಲಿ ಕಾಣುವ ಮನಸ್ಸಾಕ್ಷಿಯ ಚಡಪಡಿಕೆ ನಿಜವಾದದ್ದು. ಆದರೂ ಮಾರಾಟ ನಿಲ್ಲಲಿಲ್ಲ. ಇಷ್ಟಾಗಿಯೂ ಇಬ್ಬರು ಹೆಣ್ಣುಮಕ್ಕಳು, ಕ್ಲಾರಿಸಾ ಮತ್ತು ನ್ಯಾನ್ಸಿ, ಹಿಂದೆಯೇ ಉಳಿದರು.

1857ರ ಮಾರ್ಚ್‌ನಲ್ಲಿ ಫೀಬಿ ಮತ್ತು ಕ್ಯಾಷಿಯಸರ ಹೆಸರಿನಲ್ಲಿ ಒಂದು ಕಾಗದ ಬಂತು. ಬರೆದ ಊರು ನ್ಯೂ ಆರ್ಲಿಯನ್ಸ್. ಕೊಂಡವನು ಅವರನ್ನು ಅಲ್ಲಿಗೆ ಸಾಗಿಸಿದ್ದ. ಉಳಿದ ಹೆಣ್ಣುಮಕ್ಕಳಿಗೆ ಕ್ಷೇಮ ಸಮಾಚಾರ ಹೇಳಿ, ಅವರ ಅಕ್ಕತಂಗಿ ಜೇನ್ ಫೆಬ್ರುವರಿ ಒಂದರಂದು ತೀರಿಕೊಂಡಳೆಂದು ತಿಳಿಸಿ ಎಂಬ ಕೋರಿಕೆ ಅದರಲ್ಲಿತ್ತು. ಹಗೆಯಿಂದ ನಮ್ಮನ್ನು ಮಾರಿದರು ಎಂಬ ಮಾತೂ ಇತ್ತು. ಜೋನ್ಸರ ಎಷ್ಟೋ ಪುಟಗಳ ಸಮಾಧಾನಕ್ಕೆ ಆ ಒಂದು ಮಾತೇ ಎದುರು ನಿಲ್ಲುತ್ತದೆ. ಅದನ್ನು ನಮಗಾಗಿ ಉಳಿಸಿಕೊಟ್ಟದ್ದು ಒಡೆಯರ ಕಾಗದಗಳೇ.

ಅಮೆರಿಕದ ಅಂತರ್ಯುದ್ಧದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1863ರಲ್ಲಿ ಜೋನ್ಸ್ ತೀರಿಕೊಂಡರು. 1864ರ ಡಿಸೆಂಬರಿನಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್‌ನ ಸೈನಿಕರು ಮಾಂಟೆವಿಡಿಯೊಗೆ ನುಗ್ಗಿದಾಗ ತಾಯಿ, ಮಗಳು ದಿನಚರಿ ಬರೆದರು. ಆ ಲೂಟಿಯ ವಿವರಗಳನ್ನು ಓದುವಾಗ ಮನ ಕಲಕುತ್ತದೆ. ಅದೇ ದಿನಗಳು ಗುಲಾಮರ ಪಾಲಿಗೆ ಬಿಡುಗಡೆಯ ದಿನಗಳು. ಗುಲಾಮರು ಬರೆದ ದಿನಚರಿ ಈ ಸಂಗ್ರಹದಲ್ಲಿಲ್ಲ.

ಇಲ್ಲದ್ದನ್ನು ಓದಲು ಹೊರಟವರು ಅರ್ಸ್ಕಿನ್ ಕ್ಲಾರ್ಕ್. 2005ರ ‘ಡ್ವೆಲಿಂಗ್ ಪ್ಲೇಸ್’ ಕೃತಿಯಲ್ಲಿ ಅವರು ಇದೇ ಕುಟುಂಬದ ಕಾಗದಗಳನ್ನು, ಆಸ್ತಿಪಟ್ಟಿಗಳನ್ನು, ಚರ್ಚಿನ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೇ ನೆಲದಲ್ಲಿ ಬಾಳಿದ ಬಿಳಿಯರ ಮತ್ತು ಕರಿಯರ ವಂಶಗಳನ್ನು ಜೊತೆಜೊತೆಗೇ ಕಟ್ಟಿದರು. ಪಟ್ಟಿಯಲ್ಲಿ ಬೆಲೆಯ ಮುಂದಿದ್ದ ಹೆಸರು ಅಲ್ಲಿ ಯಾರದೋ ತಾಯಿ, ಯಾರದೋ ಮೊಮ್ಮಗ ಆಗುತ್ತದೆ. ಮೈಯರ್ಸರ ಗ್ರಂಥವನ್ನು ಓದಿದವರು ಇದನ್ನೂ ಓದಲೇಬೇಕೆಂಬುದು ನನ್ನ ಆಗ್ರಹ.

ವಿಧವೆ ಮೇರಿ 1868ರಲ್ಲಿ ಮಾಂಟೆವಿಡಿಯೊ ಬಿಟ್ಟು ಮಗಳ ಮನೆ ಸೇರಿ, ಮರುವರ್ಷ ಅಲ್ಲೇ ಕಣ್ಣುಮುಚ್ಚಿದರು. ಆ ಊರೂ ನ್ಯೂ ಆರ್ಲಿಯನ್ಸ್. ಮನೆತನದ ಕಾಗದಗಳ ದೊಡ್ಡ ಭಾಗ ಇಂದು ಅದೇ ಊರಿನ ಟುಲೇನ್ ವಿಶ್ವವಿದ್ಯಾಲಯದಲ್ಲಿದೆ.