ರಾಟರ್‌ಡ್ಯಾಮಿನಿಂದ ಜಿನೋವಾವರೆಗೆ: ಯುರೋಪಿನ ಸಾರಿಗೆ ಮತ್ತು ಭರವಸೆಯ ಲೆಕ್ಕ



ಅರ್ಥಶಾಸ್ತ್ರದ ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿರುವ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಯುರೋಪಿನ ಅರ್ಥವ್ಯವಸ್ಥೆಯಲ್ಲೂ ಅಲ್ಲಿನ ಜನರ ದಿನನಿತ್ಯದ ಬದುಕಿನಲ್ಲೂ ಸಾರಿಗೆಯ ಪಾತ್ರವೇನು ಎಂಬುದು ಈ ಬಾರಿಯ ವಿಷಯ. ವಿಷಯ ಬಹಳ ದೊಡ್ಡದು. ಯುರೋಪಿಯನ್ ಒಕ್ಕೂಟದಲ್ಲಿ ಸಾರಿಗೆಯನ್ನೇ ನಂಬಿ ದುಡಿಯುವವರು ಸುಮಾರು ಒಂದು ಕೋಟಿ ಜನ. ಒಕ್ಕೂಟದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ನೂರಕ್ಕೆ ಸುಮಾರು ಐದು. ಒಂದು ಸಾಮಾನ್ಯ ಸಂಸಾರ ಖರ್ಚು ಮಾಡುವ ನೂರು ಯೂರೋಗಳಲ್ಲಿ ಹನ್ನೆರಡು ಹದಿಮೂರು ಯೂರೋ ಓಡಾಟಕ್ಕೇ ಹೋಗುತ್ತದೆ. ಅಂದರೆ ಮನೆ ಮತ್ತು ಊಟದ ಖರ್ಚಿನ ಸಾಲಿನಲ್ಲೇ ಸಾರಿಗೆಯ ಖರ್ಚೂ ನಿಂತಿದೆ.

ಈ ಅಂಕಿಗಳನ್ನು ನೀವೆಲ್ಲ ಬಲ್ಲಿರಿ. ಹಾಗಾಗಿ ನಾನು ಒಂದೇ ಒಂದು ದಾರಿಯನ್ನು ಹಿಡಿದು ಮಾತನಾಡುತ್ತೇನೆ. ಅದು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿನಲ್ಲಿ ಶುರುವಾಗಿ, ರೈನ್ ನದಿಯ ಗುಂಟ ಜರ್ಮನಿಯನ್ನು ಹಾದು, ಸ್ವಿಟ್ಜರ್‌ಲೆಂಡಿನ ಬಾಸೆಲ್ ಮುಟ್ಟಿ, ಆಲ್ಪ್ಸ್ ಪರ್ವತದ ಒಡಲೊಳಗೆ ನುಸುಳಿ, ಇಟಲಿಯ ಜಿನೋವಾದಲ್ಲಿ ಮತ್ತೆ ಕಡಲು ಸೇರುತ್ತದೆ. ಯುರೋಪಿನ ಕೈಗಾರಿಕೆಯ ಬಹುಪಾಲು ಉಸಿರು ಆಡುವುದು ಈ ದಾರಿಯಲ್ಲಿ. ಕಾರ್ಖಾನೆಯಾಗಲಿ, ಬೆಳಗ್ಗೆ ಕೆಲಸಕ್ಕೆ ಹೊರಡುವ ನರ್ಸ್ ಆಗಲಿ, ಸಾರಿಗೆಯಿಂದ ಬಯಸುವುದು ಹೇಳಿದ ಹೊತ್ತಿಗೆ ತಲುಪುತ್ತೇವೆಂಬ ಭರವಸೆಯನ್ನು. ವೇಗ ಅದಕ್ಕಿಂತ ಕೆಳಗಿನ ಮಾತು. ನನ್ನ ವಾದ ಇಷ್ಟೇ. ಆ ಭರವಸೆ ಹೇಗೆ ಹುಟ್ಟಿತು, ಎಲ್ಲಿ ಮುರಿಯುತ್ತದೆ ಎಂಬುದನ್ನು ಈ ದಾರಿಯೇ ತೋರಿಸುತ್ತದೆ.

ಜರ್ಮನಿಯ ರೈನ್ ದಂಡೆಯಲ್ಲಿ ಕೌಬ್ ಎಂಬ ಪುಟ್ಟ ಊರಿದೆ. ಅದರೆದುರು, ನದಿಯ ನಡುಗಡ್ಡೆಯ ಮೇಲೆ, 14ನೇ ಶತಮಾನದಲ್ಲಿ ಕಟ್ಟಿದ ಒಂದು ಕೋಟೆ. ಹೋಗಿ ಬರುವ ದೋಣಿಗಳನ್ನು ತಡೆದು ಸುಂಕ ಎತ್ತುವುದಕ್ಕೆಂದೇ ಅದನ್ನು ಕಟ್ಟಿದ್ದು. ಇಂಥ ಸುಂಕದ ಕಟ್ಟೆಗಳು ನದಿಯುದ್ದಕ್ಕೂ ಇದ್ದವು. ದಂಡೆಯ ಒಬ್ಬೊಬ್ಬ ದೊರೆಗೂ ತನ್ನದೇ ಕಟ್ಟೆ, ತನ್ನದೇ ದರ. ನೆಪೋಲಿಯನ್ ಕಾಲದ ಯುದ್ಧಗಳು ಮುಗಿದ ಮೇಲೆ, 1815ರಲ್ಲಿ ವಿಯೆನ್ನಾದಲ್ಲಿ ಸೇರಿದ ರಾಜ್ಯಗಳು ರೈನ್ ನದಿಯ ಸಂಚಾರಕ್ಕೆಂದೇ ಒಂದು ಆಯೋಗ ಇರಬೇಕೆಂದು ಒಪ್ಪಿದವು. 1868ರ ಮ್ಯಾನ್‌ಹೈಮ್ ಒಪ್ಪಂದದಿಂದ ನದಿ ಸಂಚಾರ ಸುಂಕದಿಂದ ಬಿಡುಗಡೆಯಾಯಿತು. ಆ ಆಯೋಗ ಇವತ್ತಿಗೂ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದೆ. ಇದೇ ದಂಡೆಗಳ ಮೇಲೆ ಆಮೇಲೆ ಎಂಥೆಂಥ ಯುದ್ಧಗಳು ನಡೆದುಹೋದವು ಎಂಬುದನ್ನು ನೆನೆದರೆ, ದೋಣಿಗಳ ನಿಯಮ ಬರೆಯುವ ಒಂದು ಸಣ್ಣ ಆಯೋಗ ಇಷ್ಟು ಕಾಲ ಬಾಳಿದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅದೇ ಕೌಬ್‌ನಲ್ಲಿ ಇಂದು ನದಿಯ ನೀರಿನ ಮಟ್ಟ ಅಳೆಯುವ ಮಾಪಕವಿದೆ. ಅಲ್ಲಿ ನದಿ ಆಳ ಕಡಿಮೆ, ಆದ್ದರಿಂದ ಬಾರ್ಜಿನಲ್ಲಿ ಎಷ್ಟು ಸರಕು ತುಂಬಬಹುದೆಂದು ಹಡಗಿನವರು ಆ ಮಾಪಕ ನೋಡಿಯೇ ನಿರ್ಧರಿಸುತ್ತಾರೆ. 2018ರ ಮಳೆಯಿಲ್ಲದ ಬೇಸಿಗೆಯ ನಂತರ, ಅಕ್ಟೋಬರಿನಲ್ಲಿ, ಮಾಪಕ 25 ಸೆಂಟಿಮೀಟರಿಗೆ ಇಳಿಯಿತು. ನದಿ ಬತ್ತಲಿಲ್ಲ, ಆದರೆ ಬಾರ್ಜುಗಳು ಹೊರೆಯ ಸಣ್ಣ ಪಾಲನ್ನಷ್ಟೇ ಹೊತ್ತು ತೆವಳಬೇಕಾಯಿತು. ಮೇಲ್ದಂಡೆಯ ಲುಡ್‌ವಿಗ್ಸ್‌ಹಾಫೆನ್‌ನಲ್ಲಿರುವ ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆ ಉತ್ಪಾದನೆ ತಗ್ಗಿಸಿತು. ಆ ವರ್ಷ ಅದಕ್ಕೆ ಆದ ನಷ್ಟ ಸುಮಾರು 25 ಕೋಟಿ ಯೂರೋ. ದಕ್ಷಿಣ ಜರ್ಮನಿಯಲ್ಲಿ ಪೆಟ್ರೋಲ್ ಬಂಕುಗಳು ಅಲ್ಲಲ್ಲಿ ಬರಿದಾದವು, ಸರ್ಕಾರ ತುರ್ತು ದಾಸ್ತಾನನ್ನು ತೆರೆಯಿತು. ಹವಾಮಾನ ಬದಲಾವಣೆಯನ್ನು ಪಾಠ ಮಾಡುವಾಗ ಈ ಊರಿನ ಹೆಸರನ್ನು ದಯವಿಟ್ಟು ನಕ್ಷೆಯಲ್ಲಿ ತೋರಿಸಿ. ಒಕ್ಕೂಟದ ಹಸಿರುಮನೆ ಅನಿಲಗಳಲ್ಲಿ ಕಾಲುಭಾಗ ಹೊರಡುವುದು ಸಾರಿಗೆಯಿಂದಲೇ. ಆ ಹೊಗೆ ಕೊನೆಗೆ ಸಾರಿಗೆಯ ಕಾಲನ್ನೇ ಕಟ್ಟುತ್ತಿದೆ.

ನದಿಯ ಪಕ್ಕದಲ್ಲೇ ರೈಲುಹಳಿ ಸಾಗುತ್ತದೆ. 2017ರ ಆಗಸ್ಟ್ 12ರಂದು ರಾಷ್ಟಾಟ್ ಎಂಬ ಊರಿನ ಬಳಿ, ಕೆಳಗೆ ಹೊಸ ಸುರಂಗ ಕೊರೆಯುತ್ತಿದ್ದಾಗ, ಮೇಲಿನ ಹಳಿ ಕುಸಿಯಿತು. ಅಕ್ಟೋಬರ್ 2ರವರೆಗೆ ಯುರೋಪಿನ ಅತಿ ದಟ್ಟಣೆಯ ಸರಕು ದಾರಿಗಳಲ್ಲೊಂದು ಮುಚ್ಚಿಹೋಯಿತು. ನದಿಯ ಆಚೆ ದಡದಲ್ಲಿ ಫ್ರಾನ್ಸಿನ ಹಳಿ ಇತ್ತು. ಆದರೆ ಅದರ ಮೇಲೆ ಗಾಡಿ ಓಡಿಸಬೇಕಾದರೆ ಚಾಲಕನಿಗೆ ಫ್ರೆಂಚ್ ಬರಬೇಕು, ಅಲ್ಲಿನ ಸಿಗ್ನಲ್ ಪದ್ಧತಿ ಗೊತ್ತಿರಬೇಕು, ಎಂಜಿನ್ನು ಅಲ್ಲಿನ ವಿದ್ಯುತ್ತಿಗೆ ಹೊಂದಬೇಕು. ಜರ್ಮನಿಯ ಹಳಿಯ ಮೇಲಿನ ತಂತಿಯಲ್ಲಿ 15,000 ವೋಲ್ಟ್, ಈ ಭಾಗದ ಫ್ರಾನ್ಸಿನಲ್ಲಿ 25,000. ಅಂಥ ಚಾಲಕರು, ಅಂಥ ಎಂಜಿನ್ನುಗಳು ಸಾಕಷ್ಟು ಸಿಗಲಿಲ್ಲ. ಕಣ್ಣೆದುರೇ ಹಳಿಯಿದ್ದೂ ಗೂಡ್ಸ್ ಗಾಡಿಗಳು ನಿಂತವು. ಲಾರಿಗೆ ಈ ತೊಡಕಿಲ್ಲ. ಒಬ್ಬ ಚಾಲಕ, ಒಂದು ಲೈಸೆನ್ಸು, ಪೋರ್ಚುಗಲ್ಲಿನಿಂದ ಪೋಲೆಂಡಿನವರೆಗೆ ನೇರ ದಾರಿ. ಒಕ್ಕೂಟದ ಒಳನಾಡಿನ ಸರಕಿನಲ್ಲಿ ಮುಕ್ಕಾಲು ಪಾಲು ಲಾರಿಗಳ ಮೇಲೇ ಹೋಗುವುದಕ್ಕೆ ಕಾರಣ ಹುಡುಕುವವರು ಮೊದಲು ರಾಷ್ಟಾಟ್‌ನ ಕಥೆ ಓದಬೇಕು.

ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಸರಕು ಬದಲಿಸುತ್ತಿದ್ದ ನಿಲ್ದಾಣಗಳನ್ನು ಕಂಡ ನಮ್ಮ ಹಿರಿಯರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. ಸ್ಪೇನಿನ ಹಳೆಯ ಹಳಿಗಳ ಅಗಲ 1,668 ಮಿಲಿಮೀಟರ್, ಬಾಲ್ಟಿಕ್ ದೇಶಗಳದ್ದು 1,520, ನಡುವಿನ ದೇಶಗಳದ್ದು 1,435. ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದದಲ್ಲೇ ಎಲ್ಲರಿಗೂ ಒಂದು ಸಾರಿಗೆ ನೀತಿ ಬೇಕೆಂದು ಬರೆದಿತ್ತು. ಸರ್ಕಾರಗಳು ಎಷ್ಟು ಕಾಲ ಸುಮ್ಮನಿದ್ದವೆಂದರೆ, ಯುರೋಪಿಯನ್ ಸಂಸತ್ತೇ ಸದಸ್ಯ ದೇಶಗಳ ಮಂತ್ರಿಮಂಡಳಿಯ ಮೇಲೆ ದಾವೆ ಹೂಡಿತು. 1985ರಲ್ಲಿ ನ್ಯಾಯಾಲಯ ಮಂತ್ರಿಮಂಡಳಿ ತನ್ನ ಕರ್ತವ್ಯದಲ್ಲಿ ತಪ್ಪಿದೆ ಎಂದು ತೀರ್ಪು ಕೊಟ್ಟಿತು.

ಇನ್ನು ಪರ್ವತ. ಸ್ವಿಸ್ ಆಲ್ಪ್ಸ್‌ನ ಗೊಟ್ಟಾರ್ಡಿನ ಮೊದಲ ರೈಲು ಸುರಂಗ ತೆರೆದದ್ದು 1882ರಲ್ಲಿ, 15 ಕಿಲೋಮೀಟರ್ ಉದ್ದ. ಅದನ್ನು ಕೊರೆದವರಲ್ಲಿ ಹೆಚ್ಚಿನವರು ಇಟಲಿಯ ಬಡ ಕೂಲಿಗಳು. ಸುಮಾರು ಇನ್ನೂರು ಮಂದಿ ಆ ಕೆಲಸದಲ್ಲಿ ಪ್ರಾಣ ಬಿಟ್ಟರು. 1980ರಲ್ಲಿ ರಸ್ತೆ ಸುರಂಗ ಬಂತು, ಲಾರಿಗಳು ಕಣಿವೆಗೆ ನುಗ್ಗಿದವು. ಬೆಟ್ಟದ ಹಳ್ಳಿಗಳ ಜನ ಹೊಗೆ ಮತ್ತು ಸದ್ದಿಗೆ ಬೇಸತ್ತು ದೇಶದ ಮುಂದೆ ಪ್ರಶ್ನೆಯಿಟ್ಟರು. 1994ರ ಜನಮತಗಣನೆಯಲ್ಲಿ ಸ್ವಿಸ್ ಮತದಾರರು, ದೇಶ ದಾಟಿ ಹೋಗುವ ಸರಕು ರೈಲಿಗೆ ಬರಲಿ ಎಂದು ತೀರ್ಮಾನಿಸಿದರು. 2001ರಿಂದ ಭಾರಿ ಲಾರಿಗಳಿಗೆ ಓಡಿದ ದೂರ, ತೂಕ, ಹೊಗೆ ನೋಡಿ ಶುಲ್ಕ ಹಾಕಿದರು. ಆ ಹಣದ ದೊಡ್ಡ ಪಾಲನ್ನು ರೈಲು ಸುರಂಗಕ್ಕೆ ಸುರಿದರು. 2016ರ ಜೂನ್ 1ರಂದು 57 ಕಿಲೋಮೀಟರಿನ ಹೊಸ ಸುರಂಗ ಉದ್ಘಾಟನೆಯಾಯಿತು. ಇಂದು ಸ್ವಿಸ್ ಆಲ್ಪ್ಸ್ ದಾಟುವ ಸರಕಿನಲ್ಲಿ ಹತ್ತಕ್ಕೆ ಏಳು ಪಾಲು ರೈಲಿನಲ್ಲಿ ಹೋಗುತ್ತದೆ. ಸ್ವಿಟ್ಜರ್‌ಲೆಂಡ್ ಒಕ್ಕೂಟದ ಸದಸ್ಯ ದೇಶವೇ ಅಲ್ಲ, ಆದರೂ ಒಕ್ಕೂಟದ ಸರಕಿಗಾಗಿ ಬೆಟ್ಟ ಕೊರೆಯಿತು. ಇತ್ತ ಜರ್ಮನಿ ಕಾರ್ಲ್ಸ್‌ರೂಹೆಯಿಂದ ಬಾಸೆಲ್‌ವರೆಗಿನ ಹಳಿಯನ್ನು ವಿಸ್ತರಿಸುತ್ತೇನೆಂದು 1996ರಲ್ಲಿ ಸ್ವಿಸ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಆ ಕೆಲಸ ಇನ್ನೂ ಮುಗಿದಿಲ್ಲ. ಇದನ್ನು ನಾನು ಅಕ್ಷಮ್ಯವೆಂದೇ ಹೇಳುತ್ತೇನೆ.

ಹೊಸ ಸುರಂಗವೂ ಅಪಾಯದಿಂದ ಹೊರತಲ್ಲ. 2023ರ ಆಗಸ್ಟಿನಲ್ಲಿ ಗೂಡ್ಸ್ ಗಾಡಿಯ ಒಂದು ಚಕ್ರ ಒಡೆದು ಬೋಗಿಗಳು ಹಳಿ ತಪ್ಪಿದವು. ಸುರಂಗ ಪೂರ್ಣವಾಗಿ ತೆರೆಯಲು 2024ರ ಸೆಪ್ಟೆಂಬರ್ ಆಯಿತು. ದಾರಿಯ ಕೊನೆಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತರು. ರಿಬ್ಬನ್ ಕತ್ತರಿಸುವುದಕ್ಕೆ ಸೇರುವ ಗಣ್ಯರಲ್ಲಿ ಒಬ್ಬರಾದರೂ ತುಕ್ಕು ನೋಡುವ ಎಂಜಿನಿಯರಿನ ಸಂಬಳದ ಬಗ್ಗೆ ವಿಚಾರಿಸಲಿ ಎಂಬುದು ನನ್ನ ಆಸೆ.

ಜಿನೋವಾ, ತ್ರಿಯೆಸ್ತೆಯಂಥ ಇಟಲಿಯ ಬಂದರುಗಳಿಗೂ ನಮಗೂ ನೇರ ನಂಟಿದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಆ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ, ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗಬೇಕಾಯಿತು. ಬಾಡಿಗೆ ಏರಿತು, ಕಂಟೇನರ್ ಸಿಗದಾಯಿತು. ಮಲೆನಾಡಿನ ಬೆಳೆಗಾರ ಆ ವರ್ಷ ಮಳೆಯ ಜೊತೆಗೆ ಕೆಂಪು ಸಮುದ್ರದ ಸುದ್ದಿಯನ್ನೂ ಕೇಳುತ್ತಿದ್ದ.

ದಿನನಿತ್ಯದ ಬದುಕಿಗೆ ಬರೋಣ. ಇಲ್ಲಿಯೂ ಸ್ವಿಸ್ಸರ ಬುದ್ಧಿವಂತಿಕೆ ನನಗೆ ಬಲು ಪ್ರಿಯ. 1987ರಲ್ಲಿ ಅವರು ರೈಲು ಯೋಜನೆಯೊಂದಕ್ಕೆ ಮತ ಹಾಕಿದರು. ಎಷ್ಟು ಬೇಕೋ ಅಷ್ಟೇ ವೇಗ ಸಾಕು ಎಂಬುದು ಅದರ ತತ್ವ. ಜ್ಯೂರಿಕ್, ಬರ್ನ್, ಬಾಸೆಲ್ ನಡುವಿನ ಪ್ರಯಾಣ ಒಂದು ಗಂಟೆಗಿಂತ ತುಸು ಕಡಿಮೆಯಾದರೆ, ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವ ಮುನ್ನ ಜಂಕ್ಷನ್ನಿಗೆ ಬಂದು, ಹೊಡೆದ ಮೇಲೆ ಹೊರಡಬಹುದು. ಹಳ್ಳಿಯ ಹಳದಿ ಅಂಚೆ ಬಸ್ಸೂ ಆ ವೇಳೆಗೇ ನಿಲ್ದಾಣದಲ್ಲಿ ಕಾಯುತ್ತದೆ. 2004ರ ಡಿಸೆಂಬರಿನಲ್ಲಿ ಈ ವೇಳಾಪಟ್ಟಿ ಜಾರಿಗೆ ಬಂತು. ಮುದುಕಿಯೊಬ್ಬಳು ಕಾರಿಲ್ಲದೆ ಬೆಟ್ಟದ ಊರಿನಿಂದ ಆಸ್ಪತ್ರೆಗೆ ಹೋಗಿ ಸಂಜೆಗೆ ಮನೆ ಸೇರಬಲ್ಲಳು. ಪಕ್ಕದ ಜರ್ಮನಿಯಲ್ಲಿ 2024ರಲ್ಲಿ ದೂರದ ರೈಲುಗಳ ಪೈಕಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ ಸುಮಾರು 62 ಮಾತ್ರ. ಅಲ್ಲಿ ಮುನ್ನೂರು ಕಿಲೋಮೀಟರ್ ವೇಗದ ಗಾಡಿಗಳಿವೆ.

ಬಸ್ಸು ಹೋಗದ ಊರುಗಳ ಕೋಪ ಹೇಗಿರುತ್ತದೆಂಬುದನ್ನು ಫ್ರಾನ್ಸ್ 2018ರ ನವೆಂಬರಿನಲ್ಲಿ ನೋಡಿತು. ಇಂಧನ ತೆರಿಗೆ ಏರಿಸಿದಾಗ ಹಳದಿ ಜಾಕೆಟ್ ತೊಟ್ಟು ವೃತ್ತಗಳಲ್ಲಿ ಕುಳಿತವರಲ್ಲಿ ಬಹಳಷ್ಟು ಜನ ಸಣ್ಣ ಊರಿನವರು. ಕಾರಿಲ್ಲದಿದ್ದರೆ ಅವರಿಗೆ ಕೆಲಸವೂ ಇಲ್ಲ, ಶಾಲೆಯೂ ಇಲ್ಲ. ತೆರಿಗೆಯ ಉದ್ದೇಶ ಒಳ್ಳೆಯದೇ. ಬದಲಿ ದಾರಿ ಕೊಡದೆ ತೆರಿಗೆ ಹಾಕಿದ್ದು ಅನ್ಯಾಯ.

ಕೊನೆಯದಾಗಿ ಲಾರಿ ಚಾಲಕರು. ಯುರೋಪಿನ ಕಾನೂನು ಅವರಿಗೆ ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆ ಚಾಲನೆಯ ಮಿತಿ ಹಾಕಿದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ವಾರದ ಪೂರ್ಣ ವಿಶ್ರಾಂತಿಯನ್ನು ಲಾರಿಯ ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ ಎಂದು 2020ರ ನಿಯಮಗಳು ಸ್ಪಷ್ಟಪಡಿಸಿದವು. ಹೀಗಿದ್ದೂ 2023ರ ವಸಂತದಲ್ಲಿ ಜರ್ಮನಿಯ ಗ್ರೇಫನ್‌ಹೌಸನ್ ಹೆದ್ದಾರಿ ತಂಗುದಾಣದಲ್ಲಿ ಜಾರ್ಜಿಯಾ, ಉಜ್ಬೆಕಿಸ್ತಾನಗಳ ಚಾಲಕರು ಬಾಕಿ ಸಂಬಳಕ್ಕಾಗಿ ಲಾರಿ ನಿಲ್ಲಿಸಿ ವಾರಗಟ್ಟಲೆ ಕುಳಿತರು. ಊರಿನವರು, ಕಾರ್ಮಿಕ ಸಂಘದವರು ಅವರಿಗೆ ಊಟ ತಂದುಕೊಟ್ಟರು. ಹಣ ಕೈಗೆ ಬಂದ ಮೇಲೆಯೇ ಅವರು ಎದ್ದದ್ದು. ಬೇಸಿಗೆಯಲ್ಲಿ ಇನ್ನಷ್ಟು ಚಾಲಕರು ಅದೇ ಜಾಗದಲ್ಲಿ ಮತ್ತೆ ಕೂರಬೇಕಾಯಿತು.

ಮಧ್ಯಾಹ್ನದ ಗೋಷ್ಠಿಯಲ್ಲಿ ಸರಕು ಸಾಗಣೆಯ ವೆಚ್ಚದ ಮೇಲೆ ಪ್ರಬಂಧಗಳಿವೆ. ಪ್ರಬಂಧಕಾರರಲ್ಲಿ ನನ್ನದೊಂದು ಕೋರಿಕೆ: ರಸ್ತೆ ಸಾಗಣೆ ಅಗ್ಗ ಎಂದು ತೋರಿಸುವ ಕೋಷ್ಟಕದ ಮುಂದೆ ಬಂದಾಗ, ಯಾರ ಕೂಲಿ ತಗ್ಗಿದ್ದರಿಂದ, ಯಾವ ಕಣಿವೆಯ ಗಾಳಿ ಕೆಟ್ಟಿದ್ದರಿಂದ ಅದು ಅಗ್ಗವಾಯಿತು ಎಂಬುದನ್ನೂ ಚರ್ಚೆಗೆ ತನ್ನಿ. ಗೋಷ್ಠಿಗಳು ಶುರುವಾಗಲಿ.