ಬಚ್ಚಿಟ್ಟ ಗಾಯ

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಇಂಥ ರೋಗಗಳು ಹಲವು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದು, ಉಣ್ಣೆಗಳ ಮೂಲಕ ಜನರಿಗೂ ತಗುಲಿದ ಮಂಗನ ಕಾಯಿಲೆಯ ಹೆಸರನ್ನು ನೀವು ಕೇಳಿರಬಹುದು. ಎಲ್ಲವನ್ನೂ ಹೇಳಹೊರಟರೆ ಊಟದ ಹೊತ್ತು ಮೀರೀತು. ಹೊಸೂರಿನಲ್ಲಾಗಲಿ ಡೆಂಕಣಿಕೋಟೆಯಲ್ಲಾಗಲಿ ನಾಯಿಗಳಿಲ್ಲದ ಬೀದಿ ಇಲ್ಲವಾದುದರಿಂದ, ಹುಚ್ಚುನಾಯಿ ರೋಗವೊಂದನ್ನೇ ಆರಿಸಿಕೊಂಡಿದ್ದೇನೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಬ್ಬರ ತೋಟದ ಬೇಲಿ ಹಾರಿ ಸೀಬೆಹಣ್ಣು ಕೀಳುತ್ತಿರುವಾಗ ನಾಯಿಯೊಂದು ತೊಡೆಯನ್ನು ಕಚ್ಚಿತು. ಹೇಳಿದರೆ ಕಳ್ಳತನ ಹೊರಬೀಳುವುದಲ್ಲ! ಚಡ್ಡಿಯನ್ನು ಕೆಳಕ್ಕೆಳೆದುಕೊಂಡು ಸುಮ್ಮನಾದೆ. ಮೂರನೆಯ ದಿನ ಎಣ್ಣೆನೀರು ಹಾಕುವಾಗ ಅಜ್ಜಿ ಗಾಯವನ್ನು ಕಂಡರು. ಆಮೇಲೆ ಹೊಟ್ಟೆಯ ಮೇಲೆ 14 ಸೂಜಿಗಳು.

ಆ ಕಾಲದ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ನಮ್ಮ ದೇಶದಲ್ಲಿ ಅದರ ತಯಾರಿಕೆ 2005ರ ವೇಳೆಗೆ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ, 28 ದಿನಗಳ ಅವಧಿಯಲ್ಲಿ ನಾಲ್ಕೈದು ಸಲ ಮಾತ್ರ ಕೊಡುತ್ತಾರೆ. ಆದರೂ ಮಕ್ಕಳು ಹೊಟ್ಟೆಯ ಸೂಜಿಗೆ ಹೆದರುವುದುಂಟು. ಆ ಕಥೆಯನ್ನು ಬಣ್ಣಿಸಿ ಹೇಳಿದ ತಪ್ಪು ನಮ್ಮಂಥ ಹಿರಿಯರದೇ.

ರೋಗಾಣುವು ನಾಯಿಯ ಜೊಲ್ಲಿನಲ್ಲಿದ್ದು, ಗಾಯದ ಮೂಲಕ ಒಳಹೊಕ್ಕು, ನರಗಳ ದಾರಿಯಲ್ಲಿ ಮಿದುಳಿನತ್ತ ಮೆಲ್ಲಗೆ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ತಲೆಗೋ ಮುಖಕ್ಕೋ ಕಚ್ಚಿದ್ದರೆ ಇನ್ನೂ ಬೇಗ. ನೀರನ್ನು ಕಂಡು ಗಂಟಲು ಬಿಗಿಯುವ ಸ್ಥಿತಿ ಬಂದಮೇಲೆ ಬದುಕಿಸುವ ಔಷಧ ಇಂದಿಗೂ ಇಲ್ಲ. ಅದು ಮಿದುಳನ್ನು ಸೇರುವುದಕ್ಕೆ ಮೊದಲೇ ಲಸಿಕೆ ತನ್ನ ಕೆಲಸವನ್ನು ಮುಗಿಸಬೇಕು. ಮುಚ್ಚಿಟ್ಟ ಒಂದೊಂದು ದಿನವೂ ರೋಗದ ಪಾಲಿಗೆ ಲಾಭ.

ಈ ಓಟವನ್ನು ಮೊದಲು ಗೆದ್ದವನು ಶಾಲೆಗೆ ಹೋಗುವ ಹುಡುಗನೇ. 1885ರ ಜುಲೈ 6ರಂದು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಮಹಾಶಯರು 9 ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿದರು, ಹುಡುಗ ಉಳಿದನು. ನಮ್ಮ ದೇಶದಲ್ಲಿ 1900ರಲ್ಲಿ ಸಿಮ್ಲಾ ಬೆಟ್ಟಗಳ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಅವರ ಹೆಸರಿನ ಸಂಸ್ಥೆಗಳು ತೆರೆದವು. ಇಂದು ಅಷ್ಟು ದೂರ ಹೋಗಬೇಕಾಗಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಲಸಿಕೆ ದೊರೆಯುತ್ತದೆ.

ಕಚ್ಚಿದೊಡನೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಎಲೆಯ ರಸ ಯಾವುದೂ ಬೇಡ. ಆಳವಾದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಸೀರಮ್ ಚುಚ್ಚಬೇಕಾಗುವುದು. ನಾಯಿಗೆ ಏನಾಗುವುದೋ ನೋಡೋಣವೆಂದು ಹತ್ತು ದಿನ ಕಾಯುತ್ತ ಕುಳಿತುಕೊಳ್ಳಬೇಡಿ. ಲಸಿಕೆಯನ್ನು ಆರಂಭಿಸಿಯೇ ನಾಯಿಯ ಮೇಲೆ ಕಣ್ಣಿಡಿ.

ಹಸು ಕಟ್ಟಿರುವ ಮನೆಯವರಿಗೆ ಇನ್ನೊಂದು ಮಾತು. ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ವಿಚಿತ್ರವಾಗಿ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ನಾವು ಬರಿಗೈಯನ್ನು ಬಾಯೊಳಗೆ ಹಾಕುತ್ತೇವೆ. ಹುಚ್ಚುನಾಯಿ ಕಚ್ಚಿದ ಹಸುವೂ ಹೀಗೆಯೇ ಮಾಡುತ್ತದೆ. ಕೈಯಲ್ಲಿ ಸಣ್ಣ ಗೀರಿದ್ದರೂ ಅಪಾಯ. ಮೊದಲು ಪಶುವೈದ್ಯರನ್ನು ಕರೆಯಿರಿ. ಸಾಕಿದ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದನ್ನು ಮರೆಯಬೇಡಿ.

ನನ್ನನ್ನು ಕಚ್ಚಿದ ನಾಯಿ ಯಾವುದೆಂಬುದು ಕೊನೆಗೂ ತಿಳಿಯಲಿಲ್ಲ. ಸೀಬೆಹಣ್ಣಿನ ಸಂಗತಿ ಮಾತ್ರ ಊರಿಗೆಲ್ಲ ತಿಳಿಯಿತು. ತಂದೆಯವರು ಅದನ್ನು ಕುರಿತು ಒಂದು ಮಾತನ್ನೂ ಆಡದೆ ದಿನವೂ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊತ್ತರು. ಕಿವಿ ಹಿಂಡಿದ್ದು ಹದಿನಾಲ್ಕನೆಯ ಸೂಜಿಯಾದ ಮೇಲೆ.